ಪಾಠ ಮೊದಲು, ಜಾಲ ಆಮೇಲೆ

ಕೇಳುಗರಿಗೆ ನಮಸ್ಕಾರ.

ಅಂತರ್ಜಾಲದ ಸಾಮಗ್ರಿಯನ್ನು ತರಗತಿಯಲ್ಲಿ ಬಳಸುವುದು ಹೇಗೆ ಎಂದು ಶಿಕ್ಷಕರಿಗೆ ಕಲಿಸುವ ತರಬೇತಿ ನಮ್ಮ ರಾಜ್ಯಕ್ಕೆ ಹೊಸದಲ್ಲ. ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಗಳಾದ ಡಯಟ್‌ಗಳಲ್ಲಿ, ಬ್ಲಾಕ್ ಮಟ್ಟದ ಸಂಪನ್ಮೂಲ ಕೇಂದ್ರಗಳಾದ ಬಿಆರ್‌ಸಿಗಳಲ್ಲಿ, ಅಕ್ಕಪಕ್ಕದ ಶಾಲೆಗಳ ಗುಂಪಾದ ಕ್ಲಸ್ಟರ್ ಮಟ್ಟದ ಸಮಾಲೋಚನಾ ಸಭೆಗಳಲ್ಲಿ ನಡೆಯುತ್ತಲೇ ಇದೆ. ಎಷ್ಟೋ ಕಡೆ ಅದು ನಡೆಯುವ ರೀತಿ ಹೀಗೆ: ಸಂಪನ್ಮೂಲ ವ್ಯಕ್ತಿ ಪ್ರೊಜೆಕ್ಟರ್ ಹಾಕಿ ಹತ್ತು ಹದಿನೈದು ಜಾಲತಾಣ ತೋರಿಸುತ್ತಾರೆ, ಶಿಕ್ಷಕರು ಹೆಸರು ಬರೆದುಕೊಳ್ಳುತ್ತಾರೆ, ಮಧ್ಯಾಹ್ನ ಊಟ, ಸಂಜೆ ಹಾಜರಿ ಸಹಿ, ರಾತ್ರಿ ವಾಟ್ಸ್ಆ್ಯಪ್ ಗುಂಪಿಗೆ ಒಂದು ರಾಶಿ ಲಿಂಕು. ಸೋಮವಾರ ತರಗತಿಗೆ ಹೋದಾಗ ಅದರಲ್ಲಿ ಒಂದೂ ಕೈಗೆ ಬರುವುದಿಲ್ಲ. ತಪ್ಪು ಶಿಕ್ಷಕರದ್ದಲ್ಲ. ತರಬೇತಿ ಜಾಲತಾಣದಿಂದ ಶುರುವಾಯಿತು, ಪಾಠದಿಂದ ಶುರುವಾಗಲಿಲ್ಲ, ಅಷ್ಟೆ.

ಹಾಗಾಗಿ ಇಂತಹ ತರಬೇತಿ ಕೊಡಲು ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇವತ್ತು ಮಾತಾಡುತ್ತೇನೆ.

ತರಬೇತಿಗೆ ಬರುವ ಪ್ರತಿಯೊಬ್ಬರೂ ತಮ್ಮ ಪಠ್ಯಪುಸ್ತಕ ತರಬೇಕು, ಮುಂದಿನ ಹದಿನೈದು ದಿನದಲ್ಲಿ ಮಾಡಲಿರುವ ಪಾಠಕ್ಕೆ ಗುರುತು ಹಾಕಿಕೊಂಡು ಬರಬೇಕು ಎಂದು ಮೊದಲೇ ಹೇಳಿ. ಮೊದಲ ಅರ್ಧ ಗಂಟೆ ಯಾರೂ ಫೋನು ತೆಗೆಯುವುದು ಬೇಡ. ಆ ಪಾಠದಲ್ಲಿ ಮಕ್ಕಳು ಎಲ್ಲಿ ಎಡವುತ್ತಾರೆ, ಅದನ್ನು ಒಂದು ವಾಕ್ಯದಲ್ಲಿ ಬರೆಯಲಿ. ಇಡೀ ಪಾಠಕ್ಕೆ ವಿಡಿಯೊ ಹುಡುಕುವುದು ದಂಡ. ಎಡವುವ ಜಾಗಕ್ಕೆ ಹುಡುಕಬೇಕು. ಕಪ್ಪುಹಲಗೆಯಲ್ಲಿ ಚೆನ್ನಾಗಿ ಹೇಳಬಹುದಾದ್ದನ್ನು ಕಪ್ಪುಹಲಗೆಯಲ್ಲೇ ಹೇಳಬೇಕು. ಕಣ್ಣಿಗೆ ಕಾಣದ್ದು, ತೀರಾ ನಿಧಾನವಾಗಿ ಅಥವಾ ತೀರಾ ಬೇಗ ನಡೆಯುವುದು, ದೂರದಲ್ಲಿರುವುದು, ಶಾಲೆಯಲ್ಲಿ ಮಾಡಿದರೆ ಅಪಾಯವಾಗುವುದು: ಜಾಲಕ್ಕೆ ಹೋಗಲು ಈ ಕಾರಣಗಳು ಸಾಕು.

ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ. ಹತ್ತನೇ ತರಗತಿಯ ವಿದ್ಯುತ್ ಪಾಠ. ಬಲ್ಬಿನೊಳಗೆ ಹೋದ ವಿದ್ಯುತ್ ಪ್ರವಾಹ ಅಲ್ಲೇ ಸ್ವಲ್ಪ ಖರ್ಚಾಗಿ, ಆಚೆ ಬದಿಯಲ್ಲಿ ಕಡಿಮೆಯಾಗಿ ಹೊರಬರುತ್ತದೆ ಎಂದು ಬಹಳ ಮಕ್ಕಳು ನಂಬಿರುತ್ತಾರೆ. ಸೂತ್ರ ಬಾಯಿಪಾಠ ಬಂದ ಮೇಲೂ ಈ ನಂಬಿಕೆ ಹೋಗುವುದಿಲ್ಲ. ಇದೇ ಎಡವುವ ಜಾಗ. ಇದಕ್ಕೆ ಫೆಟ್ ತಾಣದ ಸರ್ಕಿಟ್ ಕಟ್ಟುವ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗ, ಹೇಳಿ ಮಾಡಿಸಿದಂತಿದೆ. ಫೆಟ್ ಎಂದರೆ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೈಮನ್ ಶುರು ಮಾಡಿದ ಯೋಜನೆ. ಉಚಿತ, ಲಾಗಿನ್ ಬೇಕಿಲ್ಲ. ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ. ಆದರೆ ಅನುವಾದದ ಪಾರಿಭಾಷಿಕ ಪದ ನಮ್ಮ ಪಠ್ಯಪುಸ್ತಕದ ಪದವೇ ಆಗಿರಬೇಕೆಂದಿಲ್ಲ. ಮೊದಲೇ ಹೋಲಿಸಿ ನೋಡಿ, ವ್ಯತ್ಯಾಸವಿದ್ದರೆ ಹಲಗೆಯ ಮೂಲೆಯಲ್ಲಿ ಎರಡೂ ಪದ ಬರೆದಿಡಬೇಕು.

ತೆರೆದ ಕೂಡಲೇ ಪಾಠಕ್ಕೆ ಇಳಿಯಬೇಡಿ. ಇದರಲ್ಲಿ ಬ್ಯಾಟರಿಯ ಎರಡು ತುದಿಗೆ ನೇರವಾಗಿ ತಂತಿ ಜೋಡಿಸಿದರೆ ಪರದೆಯ ಮೇಲೆ ಬೆಂಕಿ ಹತ್ತುತ್ತದೆ. ಇದು ಮಕ್ಕಳಿಗೆ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ, ಶಿಕ್ಷಕರಿಗೆ ಅದಕ್ಕಿಂತ ಬೇಗ. ಐದು ನಿಮಿಷ ಸುಟ್ಟುಕೊಳ್ಳಲಿ ಬಿಡಿ. ಆ ಆಸೆ ತೀರದೆ ಮುಂದಿನ ಮಾತು ಯಾರ ಕಿವಿಗೂ ಹೋಗುವುದಿಲ್ಲ.

ಆಮೇಲೆ ಒಂದು ಬ್ಯಾಟರಿ, ಒಂದು ಬಲ್ಬು, ನಡುವೆ ತಂತಿ. ಬದಲಾಯಿಸದೆ ಬಿಟ್ಟರೆ ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್. ಅಮ್ಮೀಟರನ್ನು ತಂತಿಯ ಮೇಲೆ ಇಡುವ ಮೊದಲು ನಿಲ್ಲಿಸಿ. ಬಲ್ಬಿನ ಈಚೆ ಎಷ್ಟು, ಆಚೆ ಎಷ್ಟು, ಪ್ರತಿಯೊಬ್ಬರೂ ನೋಟುಪುಸ್ತಕದಲ್ಲಿ ಬರೆದ ಮೇಲೆಯೇ ಅಳೆಯಬೇಕು. ಎರಡೂ ಕಡೆ 0.90 ಆಂಪಿಯರ್ ಬರುತ್ತದೆ. ಬರೆದದ್ದು ಎದುರಿಗಿದ್ದಾಗ ಮಾತ್ರ ಈ ಅಂಕಿಗೆ ಬೆಲೆ. ಬರೆಸದೆ ತೋರಿಸಿದರೆ ‘ನಾನೂ ಹಾಗೇ ಅಂದುಕೊಂಡಿದ್ದೆ ಸಾರ್’ ಎನ್ನುವವರೇ ಎಲ್ಲ. ಇನ್ನೊಂದು ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ 0.45, ಸಮಾಂತರದಲ್ಲಿ ಸೇರಿಸಿದರೆ ಬ್ಯಾಟರಿಯಿಂದ ಹೊರಡುವುದು 1.80. ಪ್ರತಿ ಸಲವೂ ಮೊದಲು ಊಹೆ, ಆಮೇಲೆ ಅಳತೆ.

ಇಲ್ಲೊಂದು ಮುಳ್ಳಿದೆ. ಸಿಮ್ಯುಲೇಶನ್ ಮೊದಲಿಗೆ ತೋರಿಸುವುದು ಎಲೆಕ್ಟ್ರಾನ್‌ಗಳ ಚಲನೆ, ಅಂದರೆ ಋಣ ತುದಿಯಿಂದ ಧನ ತುದಿಯ ಕಡೆಗೆ. ನಮ್ಮ ಪುಸ್ತಕದ ಚಿತ್ರದಲ್ಲಿ ಬಾಣ ಅದಕ್ಕೆ ವಿರುದ್ಧ, ಸಾಂಪ್ರದಾಯಿಕ ಪ್ರವಾಹದ ದಿಕ್ಕಿನಲ್ಲಿದೆ. ಚುರುಕು ಹುಡುಗಿಯೊಬ್ಬಳು ‘ಪುಸ್ತಕ ತಪ್ಪಾ, ಕಂಪ್ಯೂಟರ್ ತಪ್ಪಾ’ ಎಂದು ಕೇಳಿಯೇ ಕೇಳುತ್ತಾಳೆ. ಬದಿಯ ಪಟ್ಟಿಯಲ್ಲಿ ಇದನ್ನು ಬದಲಾಯಿಸುವ ಆಯ್ಕೆಯಿದೆ. ಶಿಕ್ಷಕರು ಎರಡನ್ನೂ ಹಾಕಿ ತೆಗೆದು ನೋಡಿ, ಉತ್ತರ ಹೇಳಿಕೊಂಡು ಅಭ್ಯಾಸ ಮಾಡಿರಬೇಕು. ಸಾಮಗ್ರಿಯನ್ನು ಆದಿಯಿಂದ ಅಂತ್ಯದವರೆಗೆ ತಾವೇ ಒಮ್ಮೆ ಓಡಿಸದೆ ತರಗತಿಗೆ ಒಯ್ಯಬಾರದು ಎನ್ನುವುದು ಇಂತಹವೇ ಕಾರಣಕ್ಕೆ.

ಇನ್ನು ಮುಖ್ಯವಾದ ಸಂಗತಿ, ನೆಟ್‌ವರ್ಕ್. ತರಗತಿಯಲ್ಲಿ ನೆಟ್ ಇರುವುದಿಲ್ಲ ಎಂದುಕೊಂಡೇ ತಯಾರಿ ಮಾಡಬೇಕು. ಫೆಟ್‌ನ ಈಗಿನ ಸಿಮ್ಯುಲೇಶನ್‌ಗಳನ್ನು ಡೌನ್‌ಲೋಡ್ ಗುರುತು ಒತ್ತಿ ಒಂದೇ ಕಡತವಾಗಿ ಇಳಿಸಿಕೊಳ್ಳಬಹುದು. ಪೆನ್‌ಡ್ರೈವ್‌ನಲ್ಲಿ ಹಾಕಿ ಯಾವ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಾದರೂ ತೆರೆಯಬಹುದು. ಫೋನಿನಲ್ಲಿ ಮಾತ್ರ ಎಚ್ಚರ: ಕಡತವನ್ನು ಮುಟ್ಟಿದ ಕೂಡಲೇ ಅದು ಬರೀ ಪುಟ ಓದುವ ಆ್ಯಪ್‌ನಲ್ಲಿ ತೆರೆದುಕೊಂಡು ಪರದೆ ಬಿಳಿಯಾಗಿ ನಿಲ್ಲಬಹುದು. ಆಗ ಕಡತ ಕೆಟ್ಟಿದೆ ಎಂದು ಅಳಿಸಬೇಡಿ, ಕ್ರೋಮ್ ಅಥವಾ ಫೈರ್‌ಫಾಕ್ಸ್ ಆರಿಸಿ ತೆರೆಯಿರಿ.

ಯೂಟ್ಯೂಬ್ ಆ್ಯಪ್‌ನಲ್ಲಿ ಉಳಿಸಿಟ್ಟ ವಿಡಿಯೊ ಆ ಫೋನಿನ ಆ ಆ್ಯಪ್‌ನಲ್ಲಿ ಮಾತ್ರ ಓಡುತ್ತದೆ. ಪೆನ್‌ಡ್ರೈವ್‌ಗೆ ಬರುವುದಿಲ್ಲ. ಕೆಲ ಕಾಲ ನೆಟ್ ಸೋಕದೆ ಹೋದರೆ ತೆರೆಯುವುದೂ ಇಲ್ಲ. ಹಾಗಾಗಿ ಹಿಂದಿನ ರಾತ್ರಿ ಒಮ್ಮೆ ನೆಟ್‌ಗೆ ಜೋಡಿಸಿ ಇಡಬೇಕು, ಪ್ರೊಜೆಕ್ಟರ್‌ಗೆ ಅದೇ ಫೋನನ್ನು ಜೋಡಿಸುವ ಕೇಬಲ್ ಇರಬೇಕು. ಸರ್ಕಾರದ ಕಲಿಕಾ ಸಾಮಗ್ರಿಯ ದೀಕ್ಷಾ ಆ್ಯಪ್‌ನಲ್ಲೂ ಪಾಠಗಳನ್ನು ಇಳಿಸಿಟ್ಟುಕೊಳ್ಳಬಹುದು. ಪಠ್ಯಪುಸ್ತಕದ ಕ್ಯೂಆರ್ ಚೌಕ ಮಸುಕಾಗಿ ಮುದ್ರಣವಾಗಿ ಕ್ಯಾಮೆರಾ ಓದದಿದ್ದರೆ ಕೈಚೆಲ್ಲಬೇಕಾಗಿಲ್ಲ, ಅದರ ಕೆಳಗಿರುವ ಆರು ಅಕ್ಷರದ ಸಂಕೇತವನ್ನು ಬೆರಳಚ್ಚಿಸಿದರೆ ಅದೇ ಪುಟ ಬರುತ್ತದೆ. ಇದು ಗೊತ್ತಿಲ್ಲದೆ ‘ಕೋಡ್ ಕೆಲಸ ಮಾಡಲ್ಲ’ ಎಂದು ಕೈಬಿಟ್ಟವರು ಬಹಳ.

ತರಬೇತಿ ಕೋಣೆಯಲ್ಲೂ ನೆಟ್ಟಿನದೇ ತಲೆನೋವು. ಇಪ್ಪತ್ತು ಜನ ಹತ್ತು ನಿಮಿಷದ ಒಂದು ವಿಡಿಯೊವನ್ನು 480ರ ಗುಣಮಟ್ಟದಲ್ಲಿ ನೋಡಿದರೆ ತಲೆಗೆ ಸುಮಾರು 90 ಎಂಬಿ, ಒಟ್ಟು ಎರಡು ಜಿಬಿಯ ಹತ್ತಿರ. ದಿನಕ್ಕೆ ಒಂದೂವರೆ ಜಿಬಿಯ ಒಂದು ಫೋನಿನ ಹಾಟ್‌ಸ್ಪಾಟ್ ಊಟದ ಹೊತ್ತಿಗೆ ಮುಗಿಯಿತು. ಮೊದಲೇ ಇಳಿಸಿದ ಕಡತಗಳನ್ನು ನಾಲ್ಕು ಪೆನ್‌ಡ್ರೈವ್‌ಗಳಲ್ಲಿ ಒಯ್ದು, ನೆಟ್ಟನ್ನು ಹುಡುಕಾಟದ ಅಭ್ಯಾಸಕ್ಕೆ ಮಾತ್ರ ಉಳಿಸಿಕೊಳ್ಳಿ. ಬೆಳಗಿನ ಮೊದಲ ಗಂಟೆಯನ್ನು ತಿನ್ನುವ ಇನ್ನೊಂದು ಸಂಗತಿ ಪಾಸ್‌ವರ್ಡ್. ಅರ್ಧ ಜನರಿಗೆ ನೆನಪಿರುವುದಿಲ್ಲ, ಓಟಿಪಿ ಮನೆಯಲ್ಲಿರುವ ಮಗನ ಫೋನಿಗೆ ಹೋಗುತ್ತದೆ. ಮೊದಲ ದಿನ ಲಾಗಿನ್ ಕೇಳುವ ಯಾವುದನ್ನೂ ಮುಟ್ಟಬೇಡಿ. ಫೆಟ್, ವಿಕಿಪೀಡಿಯ, ಗಣಿತದ ತಾಣ ಜಿಯೋಜಿಬ್ರಾ ಇವು ಲಾಗಿನ್ ಇಲ್ಲದೆ ನಡೆಯುತ್ತವೆ. ದೀಕ್ಷಾದಲ್ಲೂ ಪಾಠ ನೋಡುವುದಕ್ಕೆ ಅತಿಥಿಯಾಗಿ ಹೋದರೆ ಸಾಕು.

ಹುಡುಕಾಟಕ್ಕೆ ಬರೋಣ. ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ ಎನ್ನುವ ದೂರು ಅರ್ಧ ನಿಜ. ಉಳಿದರ್ಧಕ್ಕೆ ಕಾರಣ ಅಕ್ಷರ. ನಮ್ಮಲ್ಲಿ ವರ್ಷಗಟ್ಟಲೆ ಟಿಪ್ಪಣಿ, ಪ್ರಶ್ನೆಪತ್ರಿಕೆ ತಯಾರಾದದ್ದು ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ. ಕಣ್ಣಿಗೆ ಅದು ಕನ್ನಡ. ಕಂಪ್ಯೂಟರಿನ ಒಳಗೆ ಅದು ರೋಮನ್ ಅಕ್ಷರಗಳ ಕಲಸುಮೇಲೋಗರ. ಗೂಗಲ್ ಅದನ್ನು ಕನ್ನಡವೆಂದು ಓದುವುದಿಲ್ಲ, ಹುಡುಕಿದರೆ ಕೊಡುವುದೂ ಇಲ್ಲ. ಅಂತಹ ಸಾಲನ್ನು ನಕಲು ಮಾಡಿ ವಾಟ್ಸ್ಆ್ಯಪ್‌ಗೆ ಅಂಟಿಸಿ ನೋಡಿದರೆ ಗುಟ್ಟು ಬಯಲಾಗುತ್ತದೆ. ಶಿಕ್ಷಕರ ಬಳಿ ಇರುವ ಹಳೆಯ ಕಡತಗಳನ್ನು ಯೂನಿಕೋಡ್‌ಗೆ, ಅಂದರೆ ಕಂಪ್ಯೂಟರು ಕನ್ನಡವನ್ನು ಕನ್ನಡವೆಂದೇ ಓದುವ ಸಂಕೇತಕ್ಕೆ, ಬದಲಾಯಿಸುವುದನ್ನು ತರಬೇತಿಯಲ್ಲೇ ಮಾಡಿಸಿ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ; ಒತ್ತಕ್ಷರ ಮತ್ತು ಅರ್ಕಾವೊತ್ತು ಬಂದ ಕಡೆ ಮಾತ್ರ ಒಮ್ಮೆ ಕಣ್ಣಾಡಿಸಬೇಕು. ಇನ್ನು ಪದಗಳ ವಿಚಾರ. ‘ದ್ಯುತಿಸಂಶ್ಲೇಷಣೆ’ಯನ್ನು ಕೂಡಿಸಿ ಬರೆದಾಗ ಒಂದು ಫಲಿತಾಂಶ, ಬಿಡಿಸಿ ಬರೆದಾಗ ಇನ್ನೊಂದು. ಎರಡೂ ರೀತಿ ಹಾಕಿ ನೋಡಬೇಕು. ಪಠ್ಯಪುಸ್ತಕದ ಪದವೇ ಬೇಕೆಂದರೆ ಉದ್ಧರಣ ಚಿಹ್ನೆಯೊಳಗೆ ಹಾಕಬೇಕು. ನಮ್ಮ ಪ್ರೌಢಶಾಲಾ ಶಿಕ್ಷಕರೇ ಸೇರಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣವನ್ನು ನೇರವಾಗಿ ತೆರೆದು ನೋಡುವುದೂ ಒಳ್ಳೆಯದು.

ಸಿಕ್ಕಿದ್ದು ನಿಜವೇ ಎಂದು ಪರೀಕ್ಷಿಸುವುದನ್ನು ಕಲಿಸಲು ಪ್ರತಿ ದೀಪಾವಳಿಗೆ ಎಲ್ಲರ ಫೋನಿಗೂ ಬರುವ ಚಿತ್ರ ಒಂದಿದೆ: ದೀಪಾವಳಿ ರಾತ್ರಿ ಉಪಗ್ರಹದಿಂದ ಕಂಡ ಭಾರತ, ಬಣ್ಣಬಣ್ಣದ ಬೆಳಕು. ಇದು ದೀಪಾವಳಿಯ ಚಿತ್ರವಲ್ಲ. ಶಿಕ್ಷಕರ ಕೈಯಲ್ಲೇ ಬಿಡಿಸಿ. ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಅದನ್ನು ಕೊಡಲಿ, ಬಂದ ಪುಟಗಳಲ್ಲಿ ಹಳೆಯ ದಿನಾಂಕದ್ದನ್ನು ಹುಡುಕಲಿ, ಅಲ್ಲಿಂದ ಮೂಲಕ್ಕೆ ಹೋಗಲಿ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ವಿಜ್ಞಾನಿಯೊಬ್ಬರು ಬೇರೆ ಬೇರೆ ವರ್ಷಗಳ ಉಪಗ್ರಹ ಮಾಹಿತಿ ಸೇರಿಸಿ ಮಾಡಿದ ನಕ್ಷೆ ಅದು. ಬಿಳಿ 1992ಕ್ಕೂ ಮೊದಲು ಇದ್ದ ಬೆಳಕು, ನೀಲಿ 1992ರಲ್ಲಿ ಕಂಡದ್ದು, ಹಸಿರು 1998ರದ್ದು, ಕೆಂಪು 2003ರದ್ದು. ನಾಸಾ 2012ರಲ್ಲೇ ಇದನ್ನು ಸ್ಪಷ್ಟಪಡಿಸಿ, ಆ ವರ್ಷದ ನವೆಂಬರ್ ತಿಂಗಳ ನಿಜವಾದ ರಾತ್ರಿಯ ಚಿತ್ರವನ್ನೂ ಪ್ರಕಟಿಸಿತು. ದೀಪಾವಳಿಯಲ್ಲಿ ಹೆಚ್ಚುವ ಬೆಳಕು ಆಕಾಶದಿಂದ ಬೇರೆಯಾಗಿ ಗುರುತಿಸುವಷ್ಟು ಇರುವುದಿಲ್ಲ ಎನ್ನುವುದು ಅವರ ವಿವರಣೆ.

ಸುಳ್ಳು ಎಂದು ಅಳಿಸಿಬಿಟ್ಟರೆ ಅರ್ಧ ಲಾಭ. ಅದೇ ಚಿತ್ರ ಸಮಾಜ ವಿಜ್ಞಾನಕ್ಕೆ ಒಳ್ಳೆಯ ಪಾಠ: ಹನ್ನೊಂದು ವರ್ಷದಲ್ಲಿ ಹೊಸ ಬೆಳಕು ಎಲ್ಲೆಲ್ಲಿ ಬಂತು, ಯಾಕೆ ಬಂತು, ಪೇಟೆ ಯಾವ ದಿಕ್ಕಿಗೆ ಬೆಳೆಯಿತು. ಇಂತಹ ತಿರುವು ಶಿಕ್ಷಕರಿಗೆ ಹೊಳೆದ ದಿನ ನಿಮ್ಮ ಕೆಲಸ ಹಗುರವಾಗುತ್ತದೆ.

ಭೂಪಟದ ವಿಷಯದಲ್ಲಿ ಮಾತ್ರ ಸಡಿಲ ಬಿಡುವಂತಿಲ್ಲ. ಹೊರದೇಶದ ತಾಣಗಳ ನಕ್ಷೆಗಳಲ್ಲಿ, ವಿಕಿಪೀಡಿಯದಲ್ಲೂ, ಭಾರತದ ಉತ್ತರದ ಗಡಿ ನಮ್ಮ ಅಧಿಕೃತ ನಕ್ಷೆಯಂತಿರುವುದಿಲ್ಲ. ಪ್ರಶ್ನೆಪತ್ರಿಕೆಗೆ, ಗೋಡೆಚಿತ್ರಕ್ಕೆ ಸರ್ವೆ ಆಫ್ ಇಂಡಿಯಾದ ನಕ್ಷೆಯನ್ನೇ ಬಳಸಬೇಕು.

ಹಕ್ಕುಸ್ವಾಮ್ಯದ ಬಗ್ಗೆ ಅನಗತ್ಯ ಭಯವೂ ಇದೆ, ಅತಿಯಾದ ಧೈರ್ಯವೂ ಇದೆ. 1957ರ ಕಾಯ್ದೆಯ 52ನೇ ಸೆಕ್ಷನ್, ಪಾಠ ಹೇಳುವ ಸಂದರ್ಭದಲ್ಲಿ ಶಿಕ್ಷಕರು ಮಾಡಿಕೊಳ್ಳುವ ಪ್ರತಿಗೆ ವಿನಾಯಿತಿ ಕೊಡುತ್ತದೆ. ಅದೇ ಚಿತ್ರವನ್ನು ಸ್ವಂತ ಯೂಟ್ಯೂಬ್ ಚಾನೆಲ್ಲಿಗೆ ಹಾಕಿದರೆ ಅದು ತರಗತಿಯಲ್ಲ, ಪ್ರಕಟಣೆ. ಹಂಚುವ ಸಾಮಗ್ರಿಗೆ ಮುಕ್ತ ಪರವಾನಗಿಯ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನ ಚಿತ್ರಗಳನ್ನು ತೆಗೆದುಕೊಂಡು, ಅಲ್ಲಿ ಕಾಣುವ ಕರ್ತೃವಿನ ಹೆಸರು ಮತ್ತು ಪರವಾನಗಿಯನ್ನು ಚಿತ್ರದ ಕೆಳಗೇ ಬರೆಯುವ ರೂಢಿ ಮಾಡಿಸಿ.

ಮಧ್ಯಾಹ್ನದ ಮೇಲೆ ಭಾಷಣ ಬೇಡ. ಇಬ್ಬಿಬ್ಬರಂತೆ ಕೂತು ತಮ್ಮ ಪಾಠದ ಒಂದು ಪುಟದ ಟಿಪ್ಪಣಿ ಬರೆಯಲಿ: ತೋರಿಸುವ ಮುಂಚೆ ಕೇಳುವ ಪ್ರಶ್ನೆ, ಕಡತದ ಹೆಸರು, ಎಷ್ಟನೇ ನಿಮಿಷದಲ್ಲಿ ನಿಲ್ಲಿಸಬೇಕು, ನಿಲ್ಲಿಸಿ ಏನು ಕೇಳಬೇಕು, ಮುಗಿದ ಮೇಲೆ ನೋಟುಪುಸ್ತಕದಲ್ಲಿ ಏನು ಬರೆಸಬೇಕು, ಕರೆಂಟು ಹೋದರೆ ಏನು. ಹತ್ತು ನಿಮಿಷದ ವಿಡಿಯೊದಲ್ಲಿ ಬೇಕಾದ ಭಾಗ ಸಾಮಾನ್ಯವಾಗಿ ಎರಡು ಮೂರು ನಿಮಿಷ, ಅಷ್ಟನ್ನೇ ತೋರಿಸಲಿ. ಆಮೇಲೆ ನಾಲ್ಕೈದು ಜನ ಎದ್ದು ನಿಂತು, ಉಳಿದವರನ್ನು ಮಕ್ಕಳೆಂದುಕೊಂಡು ಪಾಠ ಮಾಡಲಿ. ಈ ಹೊತ್ತಿನಲ್ಲಿ ಮೌಸ್ ಶಿಕ್ಷಕರ ಕೈಯಲ್ಲೇ ಇರಬೇಕು. ‘ಕೊಡಿ ಮೇಡಂ, ನಾನು ಮಾಡಿಕೊಡ್ತೀನಿ’ ಎಂದು ಸಂಪನ್ಮೂಲ ವ್ಯಕ್ತಿ ಕಸಿದುಕೊಂಡರೆ ಆ ಮೇಡಂ ಕಲಿಯುವುದು ಅಲ್ಲಿಗೇ ನಿಂತಿತು.

ಪ್ರೊಜೆಕ್ಟರ್ ಇಲ್ಲದ ಶಾಲೆಯವರಿಗೆ ಬೇರೆ ಯೋಜನೆ ಬೇಕು. ಒಂದು ಫೋನಿನ ಪರದೆಯನ್ನು ಸರಿಯಾಗಿ ನೋಡಬಲ್ಲವರು ಐದಾರು ಮಕ್ಕಳು. ನಲವತ್ತು ಜನರ ಮುಂದೆ ಅದನ್ನು ಎತ್ತಿ ಹಿಡಿಯುವುದರಿಂದ ಏನೂ ಆಗದು. ತರಗತಿಯನ್ನು ಗುಂಪು ಮಾಡಿ, ಒಂದು ಗುಂಪು ಫೋನಿನ ಹತ್ತಿರ ಇರುವಾಗ ಉಳಿದವರು ಲೆಕ್ಕ ಮಾಡುವುದೋ ಚಿತ್ರ ಬಿಡಿಸುವುದೋ ಆಗಬೇಕು. ಪೂರ್ತಿ ಸುತ್ತು ಮುಗಿಯಲು ಎರಡು ಪೀರಿಯಡ್ ಬೇಕು ಎಂದು ಲೆಕ್ಕ ಹಾಕಿಕೊಳ್ಳಲಿ.

ಎರಡು ವಾರ ಬಿಟ್ಟು, ಮುಂದಿನ ಸಮಾಲೋಚನಾ ಸಭೆಯಲ್ಲಿ ಅರ್ಧ ಗಂಟೆ ಇದಕ್ಕೇ ಇಡಿ. ಅವರು ಬರೆದ ಆ ಒಂದು ಪುಟವನ್ನೇ ತರಿಸಿ, ಮಕ್ಕಳು ಊಹೆ ಬರೆದ ನಾಲ್ಕು ನೋಟುಪುಸ್ತಕ ತರಿಸಿ. ಪಾಠ ಮಾಡಲೇ ಇಲ್ಲ ಎಂದವರನ್ನು ಗದರಬೇಡಿ, ಯಾಕೆ ಎಂದು ಕೇಳಿ ಬರೆದುಕೊಳ್ಳಿ. ಬಹಳ ಸಲ ಸಿಗುವ ಉತ್ತರ ಚಿಕ್ಕದು: ಶಾಲೆಯ ಪ್ರೊಜೆಕ್ಟರ್‌ಗೆ ಹಳೆಯ ವಿಜಿಎ ಕಿಂಡಿ, ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಮಾತ್ರ. ಜೋಡಿಸುವ ಅಡಾಪ್ಟರ್ ಒಂದನ್ನು ಕ್ಲಸ್ಟರಿಗೆ ಕೊಂಡು ಅಲ್ಲಿನ ಸಂಪನ್ಮೂಲ ವ್ಯಕ್ತಿಯಾದ ಸಿಆರ್‌ಪಿ ಅವರ ಬಳಿ ಇಟ್ಟರೆ ಶಾಲೆಗಳು ಸರದಿಯ ಮೇಲೆ ಒಯ್ಯಬಹುದು. ವಿಜಿಎ ಕೇಬಲ್ಲಿನಲ್ಲಿ ಧ್ವನಿ ಬರುವುದಿಲ್ಲ, ಆದ್ದರಿಂದ ಅದರ ಜೊತೆಗೆ ಒಂದು ಸಣ್ಣ ಸ್ಪೀಕರ್ ಕೂಡ ಇರಲಿ.

ನಮಸ್ಕಾರ.