ಟೊಮ್ಯಾಟೊ ಕೆಂಪಾಗುವ ಹೊತ್ತು

ಕೇಳುಗರೇ, ನಮಸ್ಕಾರ.

ಒಂದು ಹಸಿರು ಟೊಮ್ಯಾಟೊವನ್ನು ಹರಿತವಾದ ಚಾಕುವಿನಿಂದ ಅಡ್ಡಕ್ಕೆ ಕೊಯ್ದು ನೋಡಿ. ಬೀಜಗಳು ಲೋಳೆಯಲ್ಲಿ ಪಕ್ಕಕ್ಕೆ ಜಾರಿದರೆ ಆ ಕಾಯಿ ಬಲಿತಿದೆ. ಬೀಜವೇ ತುಂಡಾಯಿತೋ, ಅದಿನ್ನೂ ಎಳೆಗಾಯಿ. ಹೊರಗಿನಿಂದ ನೋಡಿ ಹೇಳುವುದು ಕಷ್ಟ, ಅಲ್ವಾ? ಆದರೆ ಬಣ್ಣದ ಕಥೆಯೆಲ್ಲ ಶುರುವಾಗುವುದೇ ಇಲ್ಲಿಂದ.

ಟೊಮ್ಯಾಟೊವನ್ನು ಹಣ್ಣು ಮಾಡುವುದು ಎಥಿಲೀನ್ ಎಂಬ ಅನಿಲ. ಇದು ಗಿಡದ್ದೇ ಹಾರ್ಮೋನು. ಹಣ್ಣು ತಾನೇ ಈ ಅನಿಲವನ್ನು ಬಿಡುತ್ತದೆ ಎಂದು 1934ರಲ್ಲಿ ರಿಚರ್ಡ್ ಗೇನ್ ಎಂಬ ವಿಜ್ಞಾನಿ ಸೇಬಿನಲ್ಲಿ ತೋರಿಸಿದರು. ಬಲಿತ ಕಾಯಿಗೆ ಎಥಿಲೀನ್ ಒಂಚೂರು ತಾಗಿದರೆ ಸಾಕು, ಅದು ತಾನೂ ಮಾಡತೊಡಗುತ್ತದೆ, ಮಾಡಿದಷ್ಟೂ ಇನ್ನೂ ಜಾಸ್ತಿ ಮಾಡುತ್ತದೆ. ಎಳೆಗಾಯಿಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಆಕ್ಸಿನ್ ಎಂಬ ಇನ್ನೊಂದು ಹಾರ್ಮೋನು ಹಣ್ಣಾಗುವುದನ್ನು ತಡೆಹಿಡಿದಿರುತ್ತದೆ.

ಇನ್ನು ಬಣ್ಣ. ಇದು ನನಗೆ ತುಂಬಾ ಇಷ್ಟವಾದ ಭಾಗ. ಮೊದಲು ಪತ್ರಹರಿತ್ತು ಒಡೆದು ಹಸಿರು ಮಾಸುತ್ತದೆ. ಆಮೇಲೆ ಲೈಕೋಪೀನ್ ತುಂಬುತ್ತದೆ, ಕೆಂಪು ಅದರದ್ದೇ. ಆದರೆ ಕಾಯಿಯೊಳಗಿನ ಒಂದು ಕಿಣ್ವ ಲೈಕೋಪೀನನ್ನು ಬೀಟಾ ಕ್ಯಾರೋಟೀನ್ ಮಾಡಿಬಿಡುತ್ತದೆ. ಅದು ಕಿತ್ತಳೆ ಬಣ್ಣದ್ದು. ಎಥಿಲೀನ್ ಏನು ಮಾಡುತ್ತದೆ ಗೊತ್ತಾ? ಒಂದು ಕಡೆ ಲೈಕೋಪೀನ್ ತಯಾರಿಯನ್ನು ಏರಿಸುತ್ತದೆ, ಇನ್ನೊಂದು ಕಡೆ ಈ ಕಿಣ್ವವನ್ನು ಇಳಿಸುತ್ತದೆ. ಬರುವುದು ಹೆಚ್ಚು, ಹೋಗುವುದು ಕಡಿಮೆ. ಹಾಗಾಗಿ ಕೆಂಪು ಉಳಿಯುತ್ತದೆ.

ಬಿಸಿಲು ಕಾಲದಲ್ಲಿ ಹಣ್ಣು ಹಳದಿ ಮಿಶ್ರಿತ ಕಿತ್ತಳೆಯಾಗಿಯೇ ನಿಂತುಬಿಡುವುದನ್ನು ನೀವು ನೋಡಿರಬಹುದು. ಶಾಖ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೈಕೋಪೀನ್ ತಯಾರಿ ಕುಗ್ಗುತ್ತದೆ, ಬೀಟಾ ಕ್ಯಾರೋಟೀನ್ ಮಾತ್ರ ಆಗುತ್ತಲೇ ಇರುತ್ತದೆ. ಆಗ ಎಥೆಫಾನ್ ಸಿಂಪಡಿಸಿದರೂ ಒಳ್ಳೆಯ ಕೆಂಪು ಬರುವುದಿಲ್ಲ. ಎಥೆಫಾನ್ ಗಿಡದೊಳಗೆ ಒಡೆದು ಎಥಿಲೀನ್ ಬಿಡುವ ರಾಸಾಯನಿಕ, ಅಷ್ಟೇ. ಶಾಖವನ್ನು ಅದು ಇಳಿಸಲಾರದು. ಪ್ರಮಾಣ ಜಾಸ್ತಿಯಾದರೆ ಎಲೆಯೂ ಹಳದಿಯಾಗಿ ಉದುರುತ್ತದೆ, ನೆರಳು ತಪ್ಪಿದ ಹಣ್ಣು ಬಿಸಿಲಿಗೆ ಸುಡುತ್ತದೆ. ಎಥೆಫಾನ್ ಬಾಟಲಿಯ ಚೀಟಿಯಲ್ಲಿ ಬರೆದ ಅಳತೆಯನ್ನು ದಯವಿಟ್ಟು ಮೀರಬೇಡಿ.

ನನ್ನ ಮಾತು ಕೇಳುವುದಾದರೆ, ಕಾಯಿಯ ತುದಿಯಲ್ಲಿ ಬಣ್ಣ ತಿರುಗಿದಾಗಲೇ ಕಿತ್ತು 20 ಡಿಗ್ರಿಯ ಆಸುಪಾಸಿನಲ್ಲಿ ನೆರಳಿಗಿಡಿ. ಫ್ರಿಜ್ ಬೇಡ. 10 ಡಿಗ್ರಿಗಿಂತ ಕೆಳಗೆ ಹಲವು ದಿನ ಇಟ್ಟ ಕಾಯಿ ಹೊರಗೆ ತೆಗೆದ ಮೇಲೂ ಸರಿಯಾಗಿ ಕೆಂಪಾಗುವುದಿಲ್ಲ.