ಕವಿಯೊಬ್ಬರು ಹಾಲಿನ ಕಾನೂನು ಬದಲಿಸಿದ ಕಥೆ

[ಪರದೆ: ಅಮೆರಿಕದ ನಕ್ಷೆ. ಈಶಾನ್ಯ ಮೂಲೆಯ ಮೇನ್ ರಾಜ್ಯದ ಮೇಲೆ ಬಣ್ಣ.]

ನಿಮ್ಮ ಹಟ್ಟಿಯ ಹಸುವಿನ ಹಾಲನ್ನು ಪಕ್ಕದ ಮನೆಯವರಿಗೆ ಮಾರಲು ಸರ್ಕಾರದ ಪರವಾನಗಿ ಬೇಕೇ? ಬೇಕೇ ಬೇಕು ಎಂದಿತ್ತು ಮೇನ್. 2011ರಲ್ಲಿ ಬ್ಲೂ ಹಿಲ್ ಎಂಬ ಸಣ್ಣ ಊರಿನ ರೈತರೊಬ್ಬರು ಪರವಾನಗಿ ಇಲ್ಲದೆ ಹಸಿ ಹಾಲು ಮಾರಿದರೆಂದು ರಾಜ್ಯವೇ ಮೊಕದ್ದಮೆ ಹೂಡಿತು. ಊರಿನ ಸಭೆ ಅಂಥ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತ್ತು. ಆದರೂ 2014ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯದಲ್ಲಿ ರೈತ ಸೋತರು.

[ಪರದೆ: ಕ್ರೇಗ್ ಹಿಕ್‌ಮನ್ ಅವರ ಚಿತ್ರ.]

ಇದೇ ಹೊತ್ತಿನಲ್ಲಿ ಶಾಸನಸಭೆಯಲ್ಲಿ ಕುಳಿತಿದ್ದವರು ಕ್ರೇಗ್ ಹಿಕ್‌ಮನ್. ಹಾರ್ವರ್ಡ್‌ನಲ್ಲಿ ಓದಿದವರು, ಕವಿ, ರಂಗದ ಮೇಲೆ ತಮ್ಮದೇ ಕೃತಿಗಳನ್ನು ಪ್ರದರ್ಶಿಸುತ್ತಿದ್ದವರು. ಆಮೇಲೆ ಪತಿಯೊಂದಿಗೆ ಮೇನ್‌ನ ವಿಂತ್ರಾಪ್‌ಗೆ ಬಂದು ಅನ್ನಬೆಸಕುಕ್ ಫಾರ್ಮ್ ನಡೆಸತೊಡಗಿದರು. ಸಾವಯವ ಕೃಷಿಯ ಜೊತೆಗೆ ಒಂದು ಅತಿಥಿಗೃಹ, ಅಡುಗೆಯೂ ಅವರದೇ. ಬಿಳಿಯರೇ ತುಂಬಿರುವ ರಾಜ್ಯದಲ್ಲಿ ಕಪ್ಪು ವರ್ಣೀಯರಾದ ಈ ಸಲಿಂಗಿ ಕವಿಯನ್ನು ಹಳ್ಳಿಗಾಡಿನ ಮತದಾರರು 2012ರಲ್ಲಿ ಆರಿಸಿ ಕಳಿಸಿದರು.

ಅದು ಹೇಗೆ ಸಾಧ್ಯವಾಯಿತು? ಮೇನ್ ಕೆಳಮನೆಯಲ್ಲಿ 151 ಸ್ಥಾನಗಳಿವೆ, ಅಂದರೆ ಸುಮಾರು 9,000 ಜನರಿಗೆ ಒಬ್ಬ ಪ್ರತಿನಿಧಿ. ಅಭ್ಯರ್ಥಿ ಮನೆ ಮನೆಯ ಬಾಗಿಲು ತಟ್ಟಿ ಮುಗಿಸಬಹುದು! ಸದಸ್ಯತ್ವ ಪೂರ್ಣಾವಧಿಯ ಕೆಲಸವಲ್ಲ. ಗೆದ್ದವರು ತಮ್ಮ ಅಂಗಡಿಯನ್ನೋ ಹೊಲವನ್ನೋ ನೋಡಿಕೊಂಡೇ ಕಲಾಪಕ್ಕೆ ಹೋಗುತ್ತಾರೆ.

ಹಾಗಾದರೆ ತಮ್ಮ ಕಸುಬಿಗೆ ಅನುಕೂಲವಾಗುವ ಕಾನೂನನ್ನು ತಾವೇ ಮಾಡಿಕೊಂಡರೆ? ಅನುಮಾನ ಸಹಜ. ನನಗೆ ಕಂಡಂತೆ, ಕಸುಬನ್ನು ಮುಚ್ಚಿಟ್ಟು ಕೈ ಎತ್ತುವವರಿಗಿಂತ, ನಾನು ರೈತ ಎಂದು ಹೇಳಿಯೇ ಮಸೂದೆ ತರುವವರು ವಾಸಿ.

2017ರಲ್ಲಿ ಹಿಕ್‌ಮನ್ ಅವರ ಆಹಾರ ಸಾರ್ವಭೌಮತ್ವ ಕಾಯ್ದೆ ಬಂತು. ಊರು ಒಪ್ಪಿದರೆ, ಆ ಊರಿನಲ್ಲಿ ಬೆಳೆದವರಿಂದ ತಿನ್ನುವವರಿಗೆ ನೇರವಾಗಿ ನಡೆಯುವ ಮಾರಾಟಕ್ಕೆ ರಾಜ್ಯದ ಪರವಾನಗಿಯ ಹಂಗಿಲ್ಲ. ಡೆಮಾಕ್ರಟಿಕ್ ಪಕ್ಷದ ಹಿಕ್‌ಮನ್ ತಂದ ಇದಕ್ಕೆ ಸಹಿ ಹಾಕಿದವರು ರಿಪಬ್ಲಿಕನ್ ಗವರ್ನರ್ ಪಾಲ್ ಲೆಪಾಜ್. ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಮಾಂಸದ ತಪಾಸಣೆಯನ್ನು ಸಡಿಲಿಸಿದರೆ ರಾಜ್ಯದ ಕೈಯಿಂದ ಆ ಅಧಿಕಾರವೇ ಹೋಗುತ್ತದೆ ಎಂದು ಕೇಂದ್ರದ ಕೃಷಿ ಇಲಾಖೆ ಗದರಿತು. ಅಕ್ಟೋಬರ್‌ನಲ್ಲಿ ವಿಶೇಷ ಅಧಿವೇಶನ ಕರೆದು, ಮಾಂಸ ಮತ್ತು ಕೋಳಿಯನ್ನು ಕಾಯ್ದೆಯಿಂದ ಹೊರಗಿಡಬೇಕಾಯಿತು.

ಸತತ ನಾಲ್ಕು ಅವಧಿಯ ಮಿತಿ ಮುಗಿದು 2020ರಲ್ಲಿ ಹಿಕ್‌ಮನ್ ಕೆಳಮನೆ ಬಿಟ್ಟರು. ಮರುವರ್ಷ ಉಪಚುನಾವಣೆಯಲ್ಲಿ ಗೆದ್ದು ರಾಜ್ಯದ ಮೇಲ್ಮನೆಯಾದ ಸೆನೆಟ್ ಸೇರಿದರು.

[ಪರದೆ: ಮತಗಟ್ಟೆ, ನವೆಂಬರ್ 2021.]

ಅದೇ ವರ್ಷ ಆಹಾರದ ಹಕ್ಕು ಸಂವಿಧಾನ ತಿದ್ದುಪಡಿಯಾಗಿ ಜನರ ಮುಂದೆ ಬಂತು: ಬೀಜ ಉಳಿಸಿ ಹಂಚಿಕೊಳ್ಳುವ, ತನಗೆ ಬೇಕಾದ ಆಹಾರವನ್ನು ಬೆಳೆದು, ಸಾಕಿ, ತಿನ್ನುವ ಹಕ್ಕು. ಪ್ರಾಣಿದಯಾ ಸಂಘಟನೆಗಳು ವಿರೋಧಿಸಿದವು. ಶೇ 60ಕ್ಕೂ ಹೆಚ್ಚು ಮತದಾರರು ಹೌದೆಂದರು. ಅಮೆರಿಕದ ಯಾವ ರಾಜ್ಯದಲ್ಲೂ ಅಲ್ಲಿಯವರೆಗೆ ಇಂಥದ್ದು ಇರಲಿಲ್ಲ.

ಮೊದಲ ದೊಡ್ಡ ಪರೀಕ್ಷೆ ಬಂದದ್ದು ಮಾತ್ರ ಬೇಟೆಯಿಂದ. ಭಾನುವಾರದ ಬೇಟೆ ನಿಷೇಧ ತಮ್ಮ ಆಹಾರದ ಹಕ್ಕಿಗೆ ಅಡ್ಡಿ ಎಂದು ದಂಪತಿ ಕೋರ್ಟಿಗೆ ಹೋದರು. ತಿದ್ದುಪಡಿಯಲ್ಲೇ ಕಳ್ಳಬೇಟೆಗೆ ರಕ್ಷಣೆ ಇಲ್ಲವೆಂದು ಬರೆದಿದೆ. 2024ರಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ಅದನ್ನೇ ಹಿಡಿದು, ಕಾನೂನು ನಿಷೇಧಿಸಿದ ದಿನ ಬೇಟೆಯಾಡುವ ಹಕ್ಕು ಯಾರಿಗೂ ಇಲ್ಲ ಎಂದಿತು. ಭಾನುವಾರದ ನಿಷೇಧ ಹಾಗೆಯೇ ಉಳಿಯಿತು.