ಸೊನ್ನೆ ಅಂಕ ಬಂದರೆ ತೊಂದರೆ ಇಲ್ಲ ಅಂತಲೇ?

ಎಲ್ಲರಿಗೂ ನಮಸ್ಕಾರ.

ಚರ್ಮದ ಕಾಯಿಲೆ ಎಷ್ಟು ಹರಡಿದೆ ಅಂತ ಡಾಕ್ಟರು ನೋಡಿಯೇ ಹೇಳುತ್ತಾರೆ. ಅದು ಬದುಕಿಗೆ ಎಷ್ಟು ಕಾಟ ಕೊಡುತ್ತಿದೆ ಅನ್ನೋದನ್ನು ಮಾತ್ರ ರೋಗಿಯೇ ಹೇಳಬೇಕು. ಅದನ್ನು ಕೇಳಲು ಬ್ರಿಟನ್ನಿನ ಕಾರ್ಡಿಫ್‌ನ ಚರ್ಮರೋಗ ಸಂಶೋಧಕರಾದ ಆಂಡ್ರ್ಯೂ ಫಿನ್ಲೆ ಮತ್ತು ಗುಲ್ ಖಾನ್ 1994ರಲ್ಲಿ ಡಿಎಲ್‌ಕ್ಯೂಐ (ಡರ್ಮಟಾಲಜಿ ಲೈಫ್ ಕ್ವಾಲಿಟಿ ಇಂಡೆಕ್ಸ್) ಎಂಬ ಪ್ರಶ್ನಾವಳಿ ಪ್ರಕಟಿಸಿದರು. ಹತ್ತೇ ಪ್ರಶ್ನೆ, ಎಲ್ಲವೂ ಕಳೆದ ಒಂದು ವಾರದ ಬಗ್ಗೆ. ಒಂದೊಂದಕ್ಕೆ 0ರಿಂದ 3 ಅಂಕ, ಒಟ್ಟು 30. ಅಂಕ ಏರಿದಷ್ಟೂ ತೊಂದರೆ ಜಾಸ್ತಿ.

ಇದರ ಪರ್ಷಿಯನ್ ರೂಪವನ್ನು ಇರಾನಿನ ಶಿರಾಜ್‌ನಲ್ಲಿ ತೊನ್ನು ಇರುವ 70 ಜನರಿಗೆ ಕೊಟ್ಟು ನೋಡಿದರು. ವರದಿ ಬಂದದ್ದು 2004ರಲ್ಲಿ. ಇಂಥ ಕೆಲಸದ ವಾಡಿಕೆ ನಿಮಗೆ ಗೊತ್ತಿರಬಹುದು. ಒಬ್ಬರು ಅನುವಾದ ಮಾಡುತ್ತಾರೆ. ಮೂಲ ನೋಡದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತರುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ತಿದ್ದುತ್ತಾರೆ. ಆಮೇಲೆ ಲೆಕ್ಕ. ಶಿರಾಜ್‌ನಲ್ಲಿ ಕ್ರೋನ್‌ಬಾಕ್ ಆಲ್ಫಾ, ಅಂದರೆ ಉತ್ತರಗಳ ಹೊಂದಾಣಿಕೆ ಅಳೆಯುವ ಅಂಕಿ, 0.77 ಬಂತು. 0.7 ದಾಟಿದರೆ ಸಾಮಾನ್ಯವಾಗಿ ಪಾಸು.

ಆದರೆ ಆಲ್ಫಾ ಹೇಳುವುದು ಇಷ್ಟೇ: ಹತ್ತು ಪ್ರಶ್ನೆಗಳ ಉತ್ತರ ಒಂದಕ್ಕೊಂದು ಹೊಂದುತ್ತವೆ. ಕೇಳಬೇಕಾದ್ದನ್ನೆಲ್ಲ ಕೇಳಿದ್ದೇವೆ ಅಂತ ಅದು ಹೇಳುವುದಿಲ್ಲ.

ಮೊದಲ ಪ್ರಶ್ನೆಯನ್ನೇ ನೋಡಿ. ಚರ್ಮ ಎಷ್ಟು ತುರಿಸಿತು, ಉರಿಯಿತು, ನೋಯಿತು? ತೊನ್ನು ಸಾಮಾನ್ಯವಾಗಿ ತುರಿಸುವುದೂ ಇಲ್ಲ, ನೋಯುವುದೂ ಇಲ್ಲ. ಅಲ್ಲಿಗೆ 0. ಎರಡನೆಯದು ಮುಜುಗರದ ಬಗ್ಗೆ, ಅಲ್ಲಿ ಅಂಕ ಬೀಳಬಹುದು. ಒಂಬತ್ತನೆಯದು ಲೈಂಗಿಕ ತೊಂದರೆಯದು. ಮದುವೆಯಾಗದ ಹುಡುಗಿ ಅಲ್ಲಿ ಏನು ಬರೆಯಬೇಕು? 'ನನಗೆ ಸಂಬಂಧಿಸಿಲ್ಲ' ಅಂತ ಗುರುತು ಹಾಕುತ್ತಾಳೆ. ಅದಕ್ಕೂ 0. ಮದುವೆಯೇ ಆಗುತ್ತೋ ಇಲ್ವೋ ಅನ್ನೋ ಭಯ ಇದ್ದರೆ? ಹತ್ತರಲ್ಲಿ ಒಂದು ಪ್ರಶ್ನೆಯೂ ಅದನ್ನು ಕೇಳುವುದಿಲ್ಲ. ನಮ್ಮ ಕಡೆ ತೊನ್ನಿನ ಮಾತು ಬಂದರೆ ಮೊದಲು ಏಳೋದೇ ಮದುವೆ ಸಂಬಂಧದ ವಿಷಯ, ಅಲ್ವಾ?

ಆಟೋಟಕ್ಕೆ ಕಷ್ಟವಾಯಿತೇ ಅನ್ನೋ ಪ್ರಶ್ನೆಯೂ ಹಾಗೇ. ಮೈಮೇಲಿನ ಮಚ್ಚೆ ಕಾಣುತ್ತೆ ಅಂತ ಎಂದೋ ಈಜು ಬಿಟ್ಟವರು 'ಸಂಬಂಧಿಸಿಲ್ಲ' ಅಂತಲೇ ಬರೆಯಬಹುದು. ಕಾಯಿಲೆ ಕಿತ್ತುಕೊಂಡದ್ದು ಲೆಕ್ಕದಲ್ಲಿ ಸೊನ್ನೆಯಾಗಿ ಕೂತಿರುತ್ತೆ. ಹತ್ತರಲ್ಲಿ ಎಂಟು ಪ್ರಶ್ನೆಗಳಿಗೆ ಈ ಆಯ್ಕೆ ಇದೆ. ಇದನ್ನು ಸರಿದೂಗಿಸಲು 2018ರಲ್ಲಿ ಡಿಎಲ್‌ಕ್ಯೂಐ-ಆರ್ ಎಂಬ ಹೊಸ ಅಂಕ ಪದ್ಧತಿ ಬಂತು. 'ಸಂಬಂಧಿಸಿಲ್ಲ' ಅಂದ ಪ್ರಶ್ನೆಗಳ ಸಂಖ್ಯೆ ನೋಡಿ ಒಟ್ಟು ಅಂಕವನ್ನು ಅದು ಹೆಚ್ಚಿಸುತ್ತದೆ. ಒಳ್ಳೆಯದೇ. ಆದರೆ ಯಾಕೆ ಹಾಗೆ ಗುರುತು ಹಾಕಿದರು ಅನ್ನೋದು ಅದಕ್ಕೂ ತಿಳಿಯದು.

ಹಾಗಾಗಿ ಯಾವ ಭಾಷೆಗೆ ತಂದರೂ ನನ್ನ ಒತ್ತಾಯ ಇಷ್ಟು. ಆಲ್ಫಾ ಒಂದನ್ನೇ ಅಚ್ಚು ಹಾಕಬೇಡಿ. ಯಾವ ಪ್ರಶ್ನೆಗೆ ಎಷ್ಟು ಜನ 'ಸಂಬಂಧಿಸಿಲ್ಲ' ಅಂದರು, ಎಷ್ಟು ಜನ ಖಾಲಿ ಬಿಟ್ಟರು ಅನ್ನೋದನ್ನೂ ಹಾಕಿ. ಅವರಲ್ಲಿ ಕೆಲವರ ಪಕ್ಕ ಕೂತು ಕಾರಣ ಕೇಳಿ. ಒಂಬತ್ತನೇ ಪ್ರಶ್ನೆಯನ್ನು ಮಾತ್ರ ಅಮ್ಮನೋ ಅತ್ತೆಯೋ ಜೊತೆಗಿರುವಾಗ ಕೇಳಬೇಡಿ.